ಸೇತುವೆ ಬಳಿಯ ರಾಶಿ ಯಾರದು?

ಅಕ್ಕಾ,

ಸಮಾರ್ ದ್ವೀಪ ತಲುಪಿದೆ. ಚಂಡಮಾರುತ ಕೆಡವಿದ ಮೂರು ಊರುಗಳ ಅವಶೇಷ ತೆಗೆಸುವ ಕೆಲಸ ನನ್ನದು. ಆದರೆ ಹೊಳೆ ಎಲ್ಲವನ್ನೂ ಕಲೆಸಿಬಿಟ್ಟಿದೆ, ಯಾವುದು ಯಾವೂರಿನದೋ ತಿಳಿಯುತ್ತಿಲ್ಲ. ಸೇತುವೆ ಬಳಿಯ ರಾಶಿಯ ವಿಷಯಕ್ಕೆ ಎರಡೂ ದಡದ ಮುಖಂಡರು ಇವತ್ತು “ನಿಮ್ಮ ಕಸ ನೀವೇ ಎತ್ಕೊಳ್ಳಿ” ಎಂದು ಕಿತ್ತಾಡುತ್ತಿದ್ದರು. ಬೇಸತ್ತು, ಎಲ್ಲ ಎತ್ತಿಬಿಡು ಎಂದು ಅಗೆಯುವ ಯಂತ್ರದವನಿಗೆ ಕೈ ಬೀಸಿದೆ. ಆಗ ಮೇಲಿನೂರಿನ ಸಿದ್ರಾ ಅಜ್ಜಿ ಅಡ್ಡ ನಿಂತು, “ನಿಲ್ಸು ಮಗಳೇ! ಅದು ಕಸ ಅಲ್ಲ, ನನ್ ಮನೆ” ಎಂದರು. ನೋಡಿದರೆ ನೀಲಿ ಬಣ್ಣ ಬಳಿದ ಬಿದಿರಿನ ಗೋಡೆಯೊಂದು ಇಡಿಯಾಗಿತ್ತು. ಯಂತ್ರ ನಿಲ್ಲಿಸಿದೆ. ಈಗ ಮೂರೂ ಊರಿನವರು ರಾಶಿ ಹತ್ತಿ ತಮ್ಮ ತಮ್ಮ ಮನೆ ಹುಡುಕುತ್ತಿದ್ದಾರೆ, ಮುಖಂಡರೂ ಸಹ! ನಾನು ಮಾಡಿದ್ದು ಸರಿಯೋ ತಪ್ಪೋ ಗೊತ್ತಾಗುತ್ತಿಲ್ಲ.

ಕಾಲಿಗೆ ಮೊಳೆ ಚುಚ್ಚಿತ್ತು. ಇಂಜೆಕ್ಷನ್ ಆಗಿದೆ, ಗಾಬರಿ ಬೇಡ. ಮೇಲಧಿಕಾರಿಯ ಜೀಪು ಬರುತ್ತಿದೆ, ಕೆಲಸ ನಿಲ್ಲಿಸಿದ್ದಕ್ಕೆ ಏನು ಹೇಳಲಿ?

ನಿನ್ನ ಲಿಗಾಯ