ಹೊರಗಿನ ಚಹಾ

ಬಿಬವೇವಾಡಿ, ಪುಣೆ
೭ ಆಗಸ್ಟ್ ೨೦೨೪

ಚಿ. ಸೌ. ಸ್ನೇಹಲ್‌ಗೆ ಅವ್ವನ ಆಶೀರ್ವಾದಗಳು.

ಶ್ರಾವಣ ಬಂದರೂ ನಿನಗೆ ನಾಲ್ಕು ಸಾಲು ಬರೆಯಲಿಲ್ಲ, ಸಿಟ್ಟಾಗಬೇಡ. ಇದೇ ಪುಣೆಯ ಖರಾಡಿಯೇನು ಕಾಶಿಯೇ, ಫೋನ್ ಮಾಡಬಾರದೇ ಎಂದು ನಗಲೂ ಬೇಡ. ಫೋನಿನಲ್ಲಿ ನೀನು ಕೇಳುವ ಮೊದಲೇ ನಾನು "ಆರಾಮ" ಎಂದುಬಿಡುತ್ತೇನೆ. ಈ ಆರಾಮದ ಸುದ್ದಿಯನ್ನೇ ಬರೆಯಬೇಕಾಗಿದೆ.

ಆಸ್ಪತ್ರೆಗೆ ಹೋಗುವುದನ್ನು ಬಿಟ್ಟಿಲ್ಲ. ಮರೆವಿನ ರೋಗದವರ ಮನೆಮಂದಿಗೆ ಡಾಕ್ಟರನ್ನು ಏನು ಕೇಳಬೇಕೆಂದು ಹೇಳಿಕೊಡುವುದೇ ನಿನ್ನ ಅವ್ವನ ಈಗಿನ ಉದ್ಯೋಗ. ನಮ್ಮ ಕಡೆಯ ಹೆಂಗಸರು ಗಂಡನ ಎದುರಿಗೆ ಗಂಡನ ದೂರು ಹೇಳುವವರಲ್ಲ. ಡಾಕ್ಟರು ಕೇಳಿದರೆ ಸೆರಗು ಸರಿಮಾಡಿಕೊಂಡು "ಆರಾಮ ಅದಾರ್ರೀ" ಎನ್ನುತ್ತಾರೆ, ಹಳೆಯ ಗುಳಿಗೆಯನ್ನೇ ಬರೆಸಿಕೊಂಡು ಹೋಗುತ್ತಾರೆ. ಅದಕ್ಕೇ ನಾನು ರೋಗಿಯನ್ನು ಚಹಾ ಕುಡಿಸುವ ನೆಪದಲ್ಲಿ ಹೊರಗೆ ಕರೆದೊಯ್ಯುತ್ತೇನೆ. ಆಗ ಒಳಗೆ ಹೆಂಡತಿ ಬಾಯಿ ಬಿಡುತ್ತಾಳೆ.

ಸೋಮವಾರ ಭೋಸರಿಯಿಂದ ಕಲ್ಲವ್ವ ಬಂದಿದ್ದಳು. ಗಂಡ ಅಪ್ಪಾಸಾಹೇಬರು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು, ಈಗ ಹೆಂಡತಿಯನ್ನು ಕಳ್ಳಿ ಎಂದು ಹೊಡೆಯುತ್ತಾರೆ. ಅವಳ ಮೊಣಕೈ ಕಪ್ಪಿಟ್ಟಿತ್ತು. ಯಾಕೆ ಹೊಡೆಯುತ್ತಾರೆ, ಗುಳಿಗೆ ಬದಲಿಸಬೇಕೇ ಎಂದು ಕೇಳು, ಕಡೆಗೆ ನನ್ನಿಂದ ಆಗದಿದ್ದರೆ ಇವರನ್ನು ಎಲ್ಲಿ ಬಿಡಬಹುದು ಎಂದೂ ಕೇಳು ಅಂತ ಬಾಯಿಪಾಠ ಮಾಡಿಸಿ ಒಳಗೆ ಕಳಿಸಿದೆ.

ಹೊರಗೆ ಅಪ್ಪಾಸಾಹೇಬರು ಚಹಾದ ಕಪ್ಪು ಹಿಡಿದು ಬಾಗಿಲನ್ನೇ ನೋಡುತ್ತ ಕುಳಿತರು.

"ಒಳಗ ನನ್ನ ಸುದ್ದೀನ ನಡದದ, ಹೌದಲ್ರೀ ಬಾಯಾರ?"

"ಇಲ್ರೀ, ಆಕೀ ಬಿ.ಪಿ. ನೋಡಾಕತ್ತಾರ."

"ಹೇಳ್ಲಿ ಬಿಡ್ರೀ. ಪಾಪ, ನನಗ ಭಾಳ ಅಂಜ್ತಾಳ."

ಅವರು ಚಹಾ ಕುಡಿಯಲೇ ಇಲ್ಲ. ಸ್ನೇಹಲ್, ಇಷ್ಟು ಮಂದಿಯನ್ನು ಹೀಗೆ ಹೊರಗೆ ಕೂರಿಸಿದ್ದೇನೆ, ಅವರಿಗೆಲ್ಲ ಗೊತ್ತಾಗುತ್ತಿತ್ತೇನೋ.

ಕಲ್ಲವ್ವ ಹೊರಬಂದಳು. ಡಾಕ್ಟರು ಗುಳಿಗೆ ಬದಲಿಸಿದ್ದರು, ಆದರೆ ಈ ರೋಗ ವಾಸಿಯಾಗುವುದಲ್ಲ ಎಂದೂ ಹೇಳಿದ್ದರು. "ಕಡೀದು ಕೇಳಲಿಲ್ರೀ ಅಕ್ಕಾರ, ಬಾಯಿಗೇ ಬರಲಿಲ್ಲ" ಎಂದಳು. ಗಂಡನ ಕೈ ಹಿಡಿದುಕೊಂಡು ಬಸ್ಸಿನ ಕಡೆ ನಡೆದಳು.

ಪಂಚಮಿಗೆ ಶೇಂಗಾ ಉಂಡಿ ಕಟ್ಟಿಟ್ಟಿದ್ದೇನೆ, ಅಳಿಯಂದಿರನ್ನು ಕಳಿಸು. ನಿಮ್ಮಿಬ್ಬರ ಸಂಸಾರ ತಣ್ಣಗಿರಲಿ, ಮಕ್ಕಳು ಮರಿ ನೂರು ವರ್ಷ ಬಾಳಲಿ.

ನಿನ್ನ ಅವ್ವ,
ಶಿವಗಂಗವ್ವ

ತಾ.ಕ.: ಅದೇ ಡಾಕ್ಟರು ನನ್ನ ತಲೆಯ ಸ್ಕ್ಯಾನ್ ಮಾಡಿಸಿದ್ದಾರೆ. ಅಪ್ಪಾಸಾಹೇಬರ ರೋಗವೇ ನನಗೂ ಶುರುವಾಗಿದೆಯಂತೆ. ಮುಂದಿನ ವಾರ ನನ್ನ ಜೊತೆ ನೀನು ಬರಬೇಕು. ಡಾಕ್ಟರ ಮುಂದೆ ನಾನು ಆರಾಮ ಎಂದೇ ಹೇಳುತ್ತೇನೆ, ನಂಬಬೇಡ. ನನ್ನನ್ನು ಚಹಾಕ್ಕೆ ಹೊರಗೆ ಕಳಿಸು. ಕಲ್ಲವ್ವ ಬಿಟ್ಟು ಬಂದ ಪ್ರಶ್ನೆಯನ್ನೂ ಕೇಳು ಮಗಾ. ನೀನು ಕರೆಯುವ ತನಕ ನಾನು ಬಾಗಿಲ ಕಡೆ ನೋಡುವುದಿಲ್ಲ.