ಹಲ್ಲಿಗೆ ಹಾಕಿದ ಬಿರಡೆ

ಮೇ ೯, ಶನಿವಾರ

ನಾಲ್ಕು ದಿನದಿಂದ ಹಾಸಿಗೆ ಮೇಲಿದ್ದ ಬಕೆಟ್ ಇವತ್ತು ಬಚ್ಚಲಿಗೆ ವಾಪಸ್ ಹೋಯಿತು. ಎ.ಸಿ. ಇವರ ದಿಂಬಿನ ಮೇಲೇ ತೊಟ್ಟಿಕ್ಕುತ್ತಿತ್ತು. ಮೆಕ್ಯಾನಿಕ್ ಎರಡು ಸಲ ಬಂದು, ಫಿಲ್ಟರ್ ತೊಳೆದು, "ಇನ್ನೇನೂ ತೊಂದ್ರೆ ಇಲ್ಲ ಮೇಡಂ" ಎಂದು ಹೋಗಿದ್ದ.

ಬೆಳಿಗ್ಗೆ ನಾನೇ ಬಾಲ್ಕನಿಗೆ ಹೋಗಿ ನೋಡಿದೆ. ನೀರು ಹೊರಹೋಗುವ ಪೈಪಿನ ಬಾಯಲ್ಲಿ, ವಾರದಿಂದ ಹುಡುಕುತ್ತಿದ್ದ ನನ್ನ ಹಸಿರು ಕಾಲುಚೀಲ.

"ಅದನ್ನ ತೆಗೀಬೇಡಮ್ಮ," ಎಂದರು ಅತ್ತೆ. "ಹಲ್ಲಿ ಒಳಗೆ ಬರುತ್ತೆ ಅಂತ ನಾನೇ ತುರುಕಿದ್ದೆ."

ಅಷ್ಟರಲ್ಲಿ ಎಳೆದಾಗಿತ್ತು. ನಿಂತ ನೀರೆಲ್ಲ ಬುಳಬುಳನೆ, ಪಕ್ಕದಲ್ಲೇ ಪೇಪರ್ ಓದುತ್ತಿದ್ದ ಇವರ ಮಡಿಲಿಗೆ.

"ಮಲಗಿದ್ರೂ ನನ್ನ ಮೇಲೆ, ಕೂತಿದ್ರೂ ನನ್ನ ಮೇಲೆ," ಎಂದರು ಇವರು. ನಕ್ಕೂ ನಕ್ಕೂ ಅತ್ತೆಯ ಹಲ್ಲಿನ ಸೆಟ್ಟು ಜಾರಿತು.

ಆಮೇಲೆ ಅತ್ತೆಯೇ ಹಳೇ ಟೀ ಸೋಸುವ ಜಾಲರಿ ಕತ್ತರಿಸಿ ಪೈಪಿನ ಬಾಯಿಗೆ ಕಟ್ಟಿದರು. ನೀರಿಗೆ ದಾರಿ ಉಂಟು, ಹಲ್ಲಿಗಿಲ್ಲ.

ಮೆಷಿನ್ ಗಾಳಿ ಮಂಡಿಗೆ ಆಗಲ್ಲ ಎಂದು ಮೂರು ಬೇಸಿಗೆ ನಮ್ಮ ಕೋಣೆಗೇ ಬಾರದವರು, ಊಟವಾದ ಮೇಲೆ "ನನ್ನ ಕೆಲಸ ಹೇಗಿದೆ ನೋಡಿ ಹೋಗ್ತೀನಿ" ಎಂದು ಬಂದು ಇವರ ಜಾಗದಲ್ಲಿ ಒರಗಿದರು. ಇವರೀಗ ಹಾಲ್‌ನಲ್ಲಿ, ಫ್ಯಾನಿನ ಕೆಳಗೆ. ಇಲ್ಲಿ ಗೊರಕೆ ಶುರುವಾಗಿದೆ. ನನ್ನ ಹೊದಿಕೆಯೂ ಅತ್ತೆಯ ಮಂಡಿಯ ಮೇಲೇ ಸೇರಿಕೊಂಡಿದೆ, ಎಳೆಯೋಣವೆಂದರೆ ಆ ಮುಖದಲ್ಲಿ ಅಷ್ಟು ನೆಮ್ಮದಿ, ಮನಸ್ಸು ಬರುತ್ತಿಲ್ಲ.