ಇಳಿತದಲ್ಲಿ ದೋಣಿ ಬಿಟ್ಟವನು

ಜುಲೈ 9, ಬೆಳಿಗ್ಗೆ 10

ಇವತ್ತು ಮತ್ತೆ ಮೂವತ್ತು ಒದ್ದೆ ಪುಸ್ತಕ ಒಲೆಯ ಮೇಲಿನ ತಂತಿಗೆ ನೇತುಹಾಕಿದೆ. ಶಾಲೆಯಲ್ಲಿ ತೆರೆದ ಪರಿಹಾರ ಕೇಂದ್ರದ ಅಡುಗೆಯ ಶೀನ ಹಾರಾಡಿದ — "ಹ್ವಾಯ್ ಸ್ನೇಹಕ್ಕ, ಗಂಜಿಗ್ ಕಾಗ್ದ ಬಿದ್ರೆ ಎಂತ ಮಾಡುದ್?" ತೆಗೆದು ಉಣ್ಣು ಎಂದೆ.

ಗುಲ್ವಾಡಿಗೆ ಹೊಳೆ ನುಗ್ಗಿ ಐದು ದಿನ. ಪಂಚಾಯತ್ ಲೈಬ್ರೆರಿಯ ಮೂರನೇ ಶೆಲ್ಫ್‌ವರೆಗೆ ನೀರು. ನನ್ನ ಮನೆಯೂ ಕೆಸರೇ. ಇರಲಿ. ಲೈಬ್ರೆರಿಯನ್ ಆಗಿ ಹತ್ತೊಂಬತ್ತು ವರ್ಷ ಕಾದ ಪುಸ್ತಕ, ಬಿಡುವವಳಲ್ಲ ನಾನು.

ಸಂಜೆ

ಶಾಲೆಯ ಮೂಲೆಯಲ್ಲಿ ಮುತ್ತಣ್ಣ. ಹೊಳೆಮೀನು ಹಿಡಿಯುವವರು. ನೆರೆಗೆ ದೋಣಿ ಹೋದಂದಿನಿಂದ ಮಾತಿಲ್ಲ, ಊಟವೂ ಅಷ್ಟಕ್ಕಷ್ಟೇ. ಮಗಳು ವನಜ ಅಳುತ್ತಾಳೆ — "ಅಪ್ಪಯ್ಯ ಹೀಂಗೇ ಕೂಕಂಡ್ರೆ ಉಳುದಿಲ್ಲೆ ಅಕ್ಕ." ಡಾಕ್ಟರ್ ಮಾತ್ರೆ ಕೊಟ್ಟರು. ನನ್ನ ಹತ್ತಿರ ಮಾತ್ರೆ ಇಲ್ಲ, ಪುಸ್ತಕ ಇದೆ.

ದೋಣಿಯವನೊಬ್ಬನ ಕಾದಂಬರಿ ಒಣಗಿತ್ತು. ಎಲ್ಲರಿಗೂ ಕೇಳುವಂತೆ ಓದಿದೆ. ಮುತ್ತಣ್ಣ ಗೋಡೆಗೆ ಮುಖ ಮಾಡಿ ಮಲಗಿದರು. ಥೂ, ದೋಣಿ ಹೋದವರಿಗೆ ದೋಣಿಯ ಕಥೆ! ನನ್ನ ಬುದ್ಧಿಗಿಷ್ಟು.

ಜುಲೈ 10

ಆದರೂ ಓದಿದೆ. ಸಮುದ್ರ ಇಳಿತದ ಹೊತ್ತು, ನಾಯಕ ಹೊಳೆಗೆ ದೋಣಿ ಇಳಿಸಿ ನೇರ ಆಚೆ ದಡಕ್ಕೆ ಹುಟ್ಟು ಹಾಕುತ್ತಾನೆ. ಗೋಡೆಯ ಕಡೆಯಿಂದ ದನಿ ಬಂತು —

"ಅಂವ ಸತ್ತ."

ಎಲ್ಲರೂ ಬೆಚ್ಚಿಬಿದ್ದರು. ಮುತ್ತಣ್ಣ ಎದ್ದು ಕೂತಿದ್ದರು. "ಇಳ್ತದಂಗ್ ನೇರ ದಾಟಿರೆ ಅಳಿವೆಗ್, ಕಡ್ಲ್ ಬಾಯಿಗ್ ಎಳ್ಕಂಡ್ ಹೋತ್ತ್. ಮೇಲ್ಬದಿಗ್ ಹೋಯಿ ಓರೆ ಬಿಡ್ಕ್. ಬರ್ದವ ಹೊಳೆ ಕಂಡಿದ್ನಾ?"

ನಾನು ಕುಣಿಯುವುದೊಂದು ಬಾಕಿ. ಬರೆದವನನ್ನು ಅರ್ಧ ಗಂಟೆ ಬೈದರು. ಆಮೇಲೆ ಎರಡು ಸೌಟು ಗಂಜಿ ಉಂಡರು.

ಜುಲೈ 13

ಬರೆಯಲು ಪುರುಸೊತ್ತಿಲ್ಲ. ಮುತ್ತಣ್ಣ ಪುಟಕ್ಕೊಂದು ತಪ್ಪು ಹಿಡಿಯುತ್ತಾರೆ. ತಪ್ಪಿಲ್ಲದ ಪುಟದಲ್ಲಿ ನಾನೇ ಒಂದು ಸೇರಿಸಿ ಓದುತ್ತೇನೆ. ಬೈಯಲಿ. ಬೈದಷ್ಟು ಹಸಿವಾಗುತ್ತದೆ.

ನಾಳೆ ಕೊನೆಯ ಅಧ್ಯಾಯ. ನಾಯಕನ ದೋಣಿ ಒಡೆಯುತ್ತದೆ. ವನಜ ಕೈಹಿಡಿದಳು — "ಅದೊಂದ್ ಓದ್ಬೇಡಿ ಅಕ್ಕ." ಓದುವುದಿಲ್ಲ. ದೋಣಿಯನ್ನು ದಡ ಮುಟ್ಟಿಸಿಬಿಡುತ್ತೇನೆ, ಅದೇನು ಮಹಾ.

ಜುಲೈ 14

ಮುಟ್ಟಿಸಿದೆ. ಮುತ್ತಣ್ಣ ನನ್ನನ್ನೇ ನೋಡಿದರು. "ಅಮ್ಮಾ, ಪುಸ್ತಕ ಕಾಣ್ದೇ ಓದ್ತಾ ಇದ್ರಿ. ದೋಣಿ ಹೋಯ್ತ್, ಅಲ್ದಾ? ಇದ್ದದ್ದ್ ಇದ್ದಾಂಗ್ ಓದಿ."

ನಾಚಿಕೆಯಾಯಿತು. ಓದಿದೆ. ದೋಣಿ ಒಡೆಯಿತು. ಮುತ್ತಣ್ಣ ಅತ್ತರು, ಜೋರಾಗಿ, ಹತ್ತು ದಿನದಲ್ಲಿ ಮೊದಲ ಸಲ. ವನಜ ಬೆನ್ನು ಸವರುತ್ತಲೇ ಇದ್ದಳು. ನಾನೂ ಅತ್ತೆ.

ಮುಖ ಒರೆಸಿಕೊಂಡು ಕೇಳಿದರು — "ಮತ್ತೆ? ಮುಂದ್ ಅಂವ ಎಂತ ಮಾಡ್ದ?"

"ಅಷ್ಟೇ ಮುತ್ತಣ್ಣ. ಪುಸ್ತಕ ಮುಗೀತ್."

"ಮುಗೀತಾ? ದೋಣಿ ಹೋದ್ ಕೂಡ್ಲೆ ಮುಗೀತಾ?"

ಕೊನೆಯ ಪುಟ ತಿರುಗಿಸಿ ತೋರಿಸಿದೆ.

ಜುಲೈ 15, ಬೆಳಿಗ್ಗೆ

ಆರಕ್ಕೆ ವನಜ ಬಂದು ಎಬ್ಬಿಸಿದಳು. ಅಪ್ಪನ ಚಾಪೆ ಖಾಲಿ. ನಾನು ಓದಿದ್ದೇ ಕಾರಣ ಎಂದು ಬೈದುಕೊಳ್ಳುತ್ತ ವನಜಳ ಜೊತೆ ಹೊಳೆಯ ಕಡೆ ಓಡಿದೆ...

ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಇಸ್ತ್ರಿ ಇಲ್ಲದ ಅಂಗಿ, ಬಾಚಿದ ತಲೆ.

"ಹಂಗಾರಕಟ್ಟಿಗ್ ಹೋಯ್ ಬತ್ತೆ. ದೋಣಿ ಕಟ್ಟು ಚಂದಯ್ಯನ್ ಹತ್ರ ಹಳೇದೊಂದ್ ಇತ್ತಂಬ್ರ್. ಎಂತಕ್ ಓಡ್ತ್ರಿ ನೀವ್?"

ವನಜ ಅಲ್ಲೇ ಕುಸಿದು ಕೂತು ನಗತೊಡಗಿದಳು. ಬಸ್ ಹೊರಟಾಗ ಕಿಟಕಿಯಿಂದ ಕೂಗಿದರು —

"ಅಮ್ಮಾ, ಆ ಕಥಿ ಮುಂದ್ ನೀವ್ ಬರೀನಿ! ಸಂಜಿಗ್ ಬಂದ್ ಕೇಂತೆ. ತಪ್ ಇದ್ರೆ ಬಿಡುದಿಲ್ಲೆ!"

ಹೊಸ ನೋಟ್‌ಬುಕ್ ಇಲ್ಲ. ಇಲ್ಲೇ ಬರೆಯುತ್ತೇನೆ.

ದೋಣಿ ಹೋದ ಮರುದಿನ ಅವನು ಬೇಗ ಎದ್ದ. ತಲೆ ಬಾಚಿಕೊಂಡ. ಮೊದಲ ಬಸ್ಸಿಗೆ —